ನಾಡಿಯ ಅಂಕಿಗಳನ್ನು ಓದುವ ಬಗೆ

(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಇಂದು ನಾನು ಮಾತನಾಡಲಿರುವ ವಿಷಯ ಹೃದಯದ ಬಡಿತವನ್ನು ಎಣಿಸಿ ತೋರಿಸುವ ಯಂತ್ರ. ಈ ವಿಷಯವನ್ನು ಡಾಕ್ಟರರೊಬ್ಬರು ಹೇಳಿದ್ದರೆ ಹೆಚ್ಚು ಶೋಭಿಸುತ್ತಿತ್ತು. ನಾನು ಗಿರಣಿಯ ಕಾರಕೂನ, ಮ್ಯಾಟ್ರಿಕ್ ವರೆಗೆ ಓದಿದವನು. ಆದರೆ ಅಂಕಿಗಳನ್ನು ಯಾವ ಕಾಲಮಿನಲ್ಲಿ ಬರೆಯಬೇಕು, ಬರೆದ ಅಂಕಿಗೆ ಏನರ್ಥ, ಯಾವ ಅಂಕಿಯನ್ನು ನಂಬಬಾರದು ಎಂಬುದು ಕಾರಕೂನನ ದಿನದ ಕಸುಬು. ಅಷ್ಟರ ಮಟ್ಟಿಗೆ ನಾಲ್ಕು ಮಾತು ಹೇಳಲು ನನಗೆ ಅಧಿಕಾರವಿದೆ ಎಂದುಕೊಂಡಿದ್ದೇನೆ. ರೋಗ ಯಾವದು, ಔಷಧ ಯಾವದು ಎಂಬುದು ಡಾಕ್ಟರರ ಮಾತು. ಅದಕ್ಕೆ ನಾನು ಕೈ ಹಾಕುವದಿಲ್ಲ.

ಈ ವಿಷಯ ಏಕೆ ಬೇಕಾಯಿತು? 2020 ಮತ್ತು 2021ರ ಕೊರೋನಾ ಕಾಲದಲ್ಲಿ ಬೆರಳಿಗೆ ಹಾಕುವ ಚಿಮಟಿಗೆಯಂಥ ಯಂತ್ರ, ಅಂದರೆ ಆಕ್ಸಿಮೀಟರು, ಮನೆಮನೆಗೂ ಬಂತು. ಈಗಲೂ ಎಷ್ಟೋ ಖೋಲಿಗಳಲ್ಲಿ ಟ್ರಂಕಿನ ಮೂಲೆಯಲ್ಲಿ ಅದು ಬಿದ್ದುಕೊಂಡಿದೆ. ಅದರ ಹಿಂದೆಯೇ ನಾಡಿಯನ್ನು ತೋರಿಸುವ ಕೈಗಡಿಯಾರಗಳು ಬಂದವು. ಒಂದೆರಡು ದಿನದ ಕೂಲಿಗೆ ಸಿಗುವಂಥವೂ ಇವೆ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿಯ ಮುಂಗೈಯಲ್ಲಿ ಅವು ಹಸಿರು ಬೆಳಕು ಚೆಲ್ಲುತ್ತಿರುವದನ್ನು ನೋಡುತ್ತೇನೆ. ಪತ್ರಿಕೆ ಓದಲು ಬಂದವರು ನಡುವೆ ತಲೆ ಎತ್ತಿ, “ಅಣ್ಣಾ, ನನ್ನ ಗಡಿಯಾರ ತೊಂಬತ್ತಾರು ತೋರ್ಸಲತ್ತದ, ಇದು ಒಳ್ಳೇದೋ ಕೆಟ್ಟದೋ?” ಎಂದು ಕೇಳುತ್ತಾರೆ. ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಬರಿಯ 96 ಎಂಬುದಕ್ಕೆ ಅರ್ಥವೇ ಇಲ್ಲ. ಅದು ಕುಳಿತಾಗಿನ 96ವೋ, ಮೂಟೆ ಹೊತ್ತು ಇಳಿಸಿದಾಗಿನ 96ವೋ, ಜ್ವರ ಬಂದಾಗಿನ 96ವೋ ಎಂದು ತಿಳಿದ ಮೇಲೆ ಮಾತ್ರ ಅರ್ಥ ಬರುವದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ, ತಾರೀಖಿಲ್ಲದೆ “8” ಎಂದು ಬರೆದರೆ ಯಾರ ಪಗಾರವನ್ನೂ ಕೊಡಲು ಬರುವದಿಲ್ಲವಷ್ಟೆ? ಇದೂ ಹಾಗೆಯೇ.

ಮೊದಲು ಬಡಿತವೆಂದರೇನು ನೋಡೋಣ. ಹೃದಯ ಹೆಚ್ಚುಕಡಿಮೆ ಅವರವರ ಮುಷ್ಟಿಯಷ್ಟು ಗಾತ್ರದ ಮಾಂಸದ ಪಂಪು. ಒಂದು ಸಲ ಬಡಿದರೆ ಸುಮಾರು 70 ಮಿಲಿಲೀಟರು ರಕ್ತವನ್ನು ಮೈಯೊಳಕ್ಕೆ ತಳ್ಳುವದು. ಮಿನಿಟಿಗೆ 72 ಸಲ ಬಡಿದರೆ ಸುಮಾರು 5 ಲೀಟರು. ಒಂದು ತಾಸಿಗೆ 4,320 ಬಡಿತ, ಒಂದು ದಿನಕ್ಕೆ 1,03,680 ಬಡಿತ. ನಾವು ಮೂರು ಪಾಳಿಯಲ್ಲಿ ಒಂದನ್ನು ದುಡಿದರೆ ಅದು ಮೂರನ್ನೂ ದುಡಿಯುತ್ತದೆ. ವಾರದ ರಜೆಯೂ ಇಲ್ಲ. ಪ್ರತಿ ಸಲ ತಳ್ಳಿದಾಗ ರಕ್ತನಾಳಗಳಲ್ಲಿ ಏಳುವ ಅಲೆಯೇ ನಾಡಿ.

ಯಂತ್ರಕ್ಕಿಂತ ಮೊದಲು ಬೆರಳಿನಿಂದ ನಾಡಿ ಎಣಿಸುವದನ್ನು ಪ್ರತಿಯೊಬ್ಬರೂ ಕಲಿಯಬೇಕು. ಅಂಗೈಯನ್ನು ಮೇಲೆ ಮಾಡಿ, ಹೆಬ್ಬೆರಳಿನ ಬುಡದ ಕೆಳಗೆ, ಮುಂಗೈಯ ಹೊರಮಗ್ಗುಲಲ್ಲಿ, ಇನ್ನೊಂದು ಕೈಯ ನಡುವಿನ ಮೂರು ಬೆರಳುಗಳನ್ನು ಹಗುರಾಗಿ ಇಡಿರಿ. ಹೆಬ್ಬೆರಳಿನಿಂದ ನೋಡಬಾರದು, ಅದರಲ್ಲಿ ತನ್ನದೇ ನಾಡಿ ಬಡಿಯುವದರಿಂದ ಲೆಕ್ಕ ತಪ್ಪುತ್ತದೆ. ಸೆಕೆಂಡಿನ ಮುಳ್ಳು ನೋಡುತ್ತ 30 ಸೆಕೆಂಡು ಎಣಿಸಿ, ಎರಡರಿಂದ ಗುಣಿಸಿರಿ. ಬಡಿತ ಒಂದೇ ಸಮನಾಗಿರದೆ ನಡುನಡುವೆ ತಪ್ಪುತ್ತಿದ್ದರೆ ಪೂರ್ತಿ 60 ಸೆಕೆಂಡು ಎಣಿಸಿರಿ. ಇದು ಮೂಲ ಲೆಕ್ಕ. ಯಂತ್ರದ ಅಂಕಿಯ ಮೇಲೆ ಸಂಶಯ ಬಂದಾಗ ತಾಳೆ ನೋಡಬೇಕಾದದ್ದು ಇದರೊಂದಿಗೆ.

ನಾಡಿ ಹಿಡಿದು ನೋಡುವದು ನಮ್ಮ ನಾಡಿನ ವೈದ್ಯರಿಗೂ ಹೊರದೇಶದ ವೈದ್ಯರಿಗೂ ಹಳೆಯ ವಿದ್ಯೆ. ಆದರೆ ಮಿನಿಟಿಗೆ ಇಷ್ಟೆಂದು ಎಣಿಸಲು ಒಳ್ಳೆಯ ಗಡಿಯಾರ ಬೇಕಾಗಿತ್ತು. ಇಂಗ್ಲಂಡದ ವೈದ್ಯ ಸರ್ ಜಾನ್ ಫ್ಲಾಯರ್ ಅವರು 1707ರಲ್ಲಿ ಸರಿಯಾಗಿ ಒಂದು ಮಿನಿಟು ಓಡುವ ನಾಡಿಗಡಿಯಾರದ ಬಗ್ಗೆ ಗ್ರಂಥವನ್ನೇ ಬರೆದರು. ಹೃದಯದಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ಮೂಡಿಸುವ ಇ.ಸಿ.ಜಿ. ವಿದ್ಯೆಯನ್ನು ಬೆಳೆಸಿದ ಹಾಲಂಡದ ಐಂತೊವನ್ ಅವರಿಗೆ 1924ರಲ್ಲಿ ನೋಬೆಲ್ ಪಾರಿತೋಷಕ ದೊರೆಯಿತು. ಜಪಾನದ ಇಂಜಿನಿಯರ ತಕುವೊ ಅಓಯಾಗಿ ಅವರು 1974ರಲ್ಲಿ ಆಕ್ಸಿಮೀಟರಿನ ತತ್ವವನ್ನು ಲೋಕದ ಮುಂದಿಟ್ಟರು. ಅವರು ತೀರಿಕೊಂಡದ್ದು 2020ರ ಎಪ್ರಿಲಿನಲ್ಲಿ, ಅವರ ಯಂತ್ರ ಬಡವನ ಗುಡಿಸಲಿಗೂ ಬೇಕಾಗಿದ್ದ ದಿನಗಳಲ್ಲಿ. ಎದೆಗೆ ಪಟ್ಟಿ ಕಟ್ಟಿ, ತಂತಿಯಿಲ್ಲದೆ ಕೈಗಡಿಯಾರದಲ್ಲಿ ಬಡಿತ ನೋಡುವ ಯಂತ್ರವನ್ನು 1982ರಲ್ಲಿ ಫಿನ್ಲಂಡದ ಪೋಲಾರ್ ಕಂಪನಿ ಹೊರತಂದಿತು. ಅದು ಓಟಗಾರರ ಸಾಧನವಾಗಿತ್ತು. ಇಂದು ನಮ್ಮ ಮುಂಗೈಯಲ್ಲಿರುವದು ಇವುಗಳ ಮೊಮ್ಮಗ.

ಇನ್ನು ಈ ಯಂತ್ರ ಕಾಣುವದು ಹೇಗೆ? ಎದೆಪಟ್ಟಿಯ ಯಂತ್ರ ಹೃದಯದ ವಿದ್ಯುತ್ತನ್ನೇ ಹಿಡಿಯುತ್ತದೆ. ಆದ್ದರಿಂದ ಅದರ ಲೆಕ್ಕ ಹೆಚ್ಚು ನಂಬಿಕೆಯದು. ಕೈಗಡಿಯಾರ ಹೃದಯವನ್ನು ನೋಡುವದೇ ಇಲ್ಲ. ಅದು ಚರ್ಮವನ್ನು ನೋಡುತ್ತದೆ. ಹಸಿರು ಬೆಳಕನ್ನು ಚರ್ಮದೊಳಗೆ ಬಿಟ್ಟು, ಎಷ್ಟು ಮರಳಿ ಬಂತೆಂದು ಅಳೆಯುತ್ತದೆ. ನಾಡಿಯ ಅಲೆ ಬಂದಾಗ ರಕ್ತ ಹೆಚ್ಚು, ಮರಳುವ ಬೆಳಕು ಕಡಿಮೆ. ಅಲೆ ಇಳಿದಾಗ ಬೆಳಕು ಹೆಚ್ಚು. ಈ ಏರಿಳಿತಗಳನ್ನು ಎಣಿಸಿ ಅಂಕಿ ಬರೆಯುತ್ತದೆ. ಆದುದರಿಂದ ಪಟ್ಟಿ ಸಡಿಲವಾಗಿದ್ದರೆ, ಹಚ್ಚೆಯ ಮೇಲೆ ಕಟ್ಟಿದ್ದರೆ, ಕೈ ತಣ್ಣಗಾಗಿದ್ದರೆ ಲೆಕ್ಕ ಕೆಡುವದು. ಸಲಿಕೆ ಹಿಡಿದು ಕೆಲಸ ಮಾಡುವಾಗ, ಬಿರುಸಾಗಿ ನಡೆಯುವಾಗ, ಕೈಯ ಕುಲುಕಾಟವನ್ನೇ ನಾಡಿಯೆಂದು ಎಣಿಸುವದೂ ಉಂಟು. ಇಂಥ ಗಡಿಯಾರವನ್ನು ಬಾಳೆಹಣ್ಣಿಗೆ ಕಟ್ಟಿದಾಗಲೂ ನಾಡಿ ತೋರಿಸಿದ ಉದಾಹರಣೆಗಳಿವೆ. ಬಾಳೆಹಣ್ಣಿಗೆ ಹೃದಯವಿದೆಯೆಂದು ಇದರ ಅರ್ಥವಲ್ಲ. ಬೆಳಕಿನ ಏರಿಳಿತ ಕಂಡರೆ ಅಂಕಿ ಬರೆಯುವದು ಅದರ ಸ್ವಭಾವ. ಆದುದರಿಂದ ಗಡಿಯಾರದ ಅಂಕಿಯನ್ನು ನೋಡುವದಾದರೆ ಐದು ಮಿನಿಟು ಕುಳಿತು, ಕೈಯನ್ನು ಮೇಜಿನ ಮೇಲೋ ತೊಡೆಯ ಮೇಲೋ ಅಲುಗಾಡದಂತೆ ಇಟ್ಟು, ಪಟ್ಟಿಯನ್ನು ಮಣಿಕಟ್ಟಿನ ಎಲುಬಿನಿಂದ ಒಂದು ಬೆರಳು ಮೇಲಕ್ಕೆ ಬಿಗಿದು ನೋಡಬೇಕು.

ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಕೆಂಪು ಬೆಳಕು ಒಂದು, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಒಂದು, ಹೀಗೆ ಎರಡಿವೆ. ಆಮ್ಲಜನಕ ತುಂಬಿದ ರಕ್ತ ಒಂದನ್ನು ಹೆಚ್ಚು ಹೀರುತ್ತದೆ, ಆಮ್ಲಜನಕವಿಲ್ಲದ ರಕ್ತ ಇನ್ನೊಂದನ್ನು. ಎರಡರ ಪ್ರಮಾಣದಿಂದ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟೆಂಬ ಲೆಕ್ಕ ಬರುತ್ತದೆ. ಜೊತೆಗೆ ನಾಡಿಯ ಎಣಿಕೆಯೂ ಬರುತ್ತದೆ. ಹೀಗೆ ಅದರ ಮುಖದ ಮೇಲೆ ಎರಡು ಅಂಕಿಗಳು. ಇಲ್ಲಿಯೇ ಬಹಳ ಜನ ಎಡವುವದು.

ಒಂದರ ಬಳಿ “ಎಸ್‌ಪಿಓ2” ಎಂದೋ ಶೇಕಡಾ ಚಿಹ್ನೆಯೋ ಇರುತ್ತದೆ; ಅದು ಆಮ್ಲಜನಕ. ಇನ್ನೊಂದರ ಬಳಿ “ಪಿಆರ್” ಎಂದೋ “ಬಿಪಿಎಂ” ಎಂದೋ ಇರುತ್ತದೆ. ಅದು ಮಿನಿಟಿಗೆ ನಾಡಿಯ ಬಡಿತ. ಕೆಲವು ಯಂತ್ರಗಳಲ್ಲಿ ಗುಂಡಿ ಒತ್ತಿದರೆ ಅಂಕಿಗಳು ತಿರುಗಿ, ಮೇಲಿದ್ದದ್ದು ಕೆಳಗಾಗುತ್ತದೆ. ಒಬ್ಬ ರೋಗಿಗೆ ಆಮ್ಲಜನಕ 88, ನಾಡಿ 97 ಇದೆಯೆನ್ನಿರಿ. ನೋಡಿದವನು ಅದಲು-ಬದಲು ಓದಿ “ಆಕ್ಸಿಜನ್ ತೊಂಬತ್ತೇಳು ಅದ, ಏನೂ ಚಿಂತಿಲ್ಲ” ಎಂದು ಹೇಳಿಬಿಟ್ಟರೆ, ಕೂಡಲೆ ದವಾಖಾನೆಗೆ ಹೋಗಬೇಕಾದವನು ಮನೆಯಲ್ಲಿಯೇ ಮಲಗುವನು. ಆದುದರಿಂದ ಅಂಕಿಯನ್ನು ಓದುವ ಮೊದಲು ಅದರ ತಲೆಬರಹವನ್ನು ಓದಿರಿ. ಬೆರಳನ್ನು ಪೂರ್ತಿ ಒಳಗಿಟ್ಟು, ಉಗುರಿನ ಬಣ್ಣ ಇದ್ದರೆ ತೆಗೆದು, ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಬಿಸಿಲಿನಿಂದ ಮರೆಯಾಗಿ ಕುಳಿತು, ಅಂಕಿ ಒಂದೆಡೆ ನಿಲ್ಲುವ ವರೆಗೆ ಸುಮಾರು ಒಂದು ಮಿನಿಟು ಕಾಯಿರಿ. ಹಾಕಿದ ಕ್ಷಣದಲ್ಲಿ ಬಂದ ಅಂಕಿ ಲೆಕ್ಕಕ್ಕಿಲ್ಲ.

ಈಗ ಯಾವ ಅಂಕಿ ಸರಿ ಎಂಬ ಪ್ರಶ್ನೆ. ದೊಡ್ಡವರಲ್ಲಿ, ಎಚ್ಚರವಾಗಿ, ಸುಮ್ಮನೆ ಕುಳಿತಾಗ, ಮಿನಿಟಿಗೆ 60ರಿಂದ 100ರ ವರೆಗಿನ ಬಡಿತ ಸಾಧಾರಣವೆಂದು ವೈದ್ಯರು ಗಣಿಸುತ್ತಾರೆ. ನಿದ್ದೆಯಲ್ಲಿ ಇದಕ್ಕಿಂತ ಇಳಿಯುವದು ಸಹಜ. ಓಟದಲ್ಲಿ ಪಳಗಿದವರ ನಾಡಿ ಸುಮ್ಮನಿದ್ದಾಗ 40-50 ಇದ್ದರೂ ಅದು ಹೃದಯದ ಬಲದ ಗುರುತು. ಒಂದೇ ಬಡಿತದಲ್ಲಿ ಹೆಚ್ಚು ರಕ್ತ ತಳ್ಳುವ ಹೃದಯಕ್ಕೆ ಹೆಚ್ಚು ಸಲ ಬಡಿಯುವ ಅಗತ್ಯವಿಲ್ಲ. ಕೂಸುಗಳ ನಾಡಿ ದೊಡ್ಡವರಿಗಿಂತ ಬಹಳ ವೇಗ. ಎಳೆಗೂಸಿನ ನಾಡಿ ಮಿನಿಟಿಗೆ 120-130 ಇದ್ದರೆ ತಾಯಂದಿರು ಗಾಬರಿಯಾಗಬೇಕಾಗಿಲ್ಲ.

ಆದರೆ ಕುಳಿತವನ ನಾಡಿಯನ್ನು ಏರಿಸುವ ಕಾರಣಗಳು ಬಹಳ. ಜ್ವರದಲ್ಲಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ನಾಡಿ ಸುಮಾರು 10 ಏರುವದು. ಚಹಾ, ಬೀಡಿ, ತಂಬಾಕು ಏರಿಸುತ್ತವೆ. ಬೆವರಿ ನೀರು ಕಡಿಮೆಯಾದರೆ ಏರುತ್ತದೆ. ರಕ್ತಹೀನತೆಯಲ್ಲಿ, ಥೈರಾಯಿಡ್ ಗ್ರಂಥಿಯ ಉದ್ರೇಕದಲ್ಲಿ ಏರುತ್ತದೆ. ರಾತ್ರಿಪಾಳಿಯಲ್ಲಿ ನಿದ್ದೆಗೆಟ್ಟರೆ, ಊರಿನಿಂದ ಕೆಟ್ಟ ಸುದ್ದಿ ಬಂದರೆ ಏರುತ್ತದೆ. ಗಡಿಯಾರವನ್ನೇ ದಿಟ್ಟಿಸಿ ಹೆದರಿದರೂ ಏರುತ್ತದೆ. ಏರಿದ್ದನ್ನು ನೋಡಿ ಇನ್ನಷ್ಟು ಹೆದರಿಕೆ, ಹೆದರಿಕೆಯಿಂದ ಮತ್ತಷ್ಟು ಏರಿಕೆ. ಇದಕ್ಕೆ ಎದುರಾಗಿ, ರಕ್ತದೊತ್ತಡಕ್ಕೂ ಹೃದಯಕ್ಕೂ ಕೊಡುವ ಕೆಲವು ಗುಳಿಗೆಗಳು ನಾಡಿಯನ್ನು ಇಳಿಸುತ್ತವೆ. ಅಂಥ ಗುಳಿಗೆ ನುಂಗುವವರಿಗೆ ಜ್ವರ ಬಂದರೂ ನಾಡಿ ಅಷ್ಟಾಗಿ ಏರಲಿಕ್ಕಿಲ್ಲ. ಅಂಕಿ ಇಳಿದಿದೆಯೆಂದು ತಾವೇ ಗುಳಿಗೆ ಬಿಡುವದು ಅಪಾಯ. ಡಾಕ್ಟರರನ್ನು ಕೇಳಿಯೇ ಏನನ್ನಾದರೂ ಮಾಡಬೇಕು.

ಆದುದರಿಂದ ನನ್ನ ಸೂಚನೆ ಇಷ್ಟೇ: ಎರಡಾಣೆಯ ನೋಟಬುಕ್ಕು ಎನ್ನುತ್ತಿದ್ದರಲ್ಲ ಹಿಂದೆ, ಅಂಥ ಒಂದು ಚಿಕ್ಕ ವಹಿ ಇಡಿರಿ. ತಾರೀಖು, ಹೊತ್ತು, ಅಂಕಿ, ಮತ್ತು ಆಗ ಏನು ಮಾಡುತ್ತಿದ್ದಿರಿ ಎಂದು ನಾಲ್ಕು ಕಾಲಮು. ಬೆಳಿಗ್ಗೆ ಎದ್ದು, ಚಹಾಕ್ಕಿಂತ ಮುಂಚೆ, ಕುಳಿತು ನೋಡಿದ ಅಂಕಿ ಎಲ್ಲಕ್ಕಿಂತ ಉಪಯೋಗದ್ದು. ಒಂದು ವಾರ ಬರೆದರೆ ನಿಮ್ಮ ಸಾಧಾರಣ ಅಂಕಿ ಯಾವದೆಂದು ನಿಮಗೇ ತಿಳಿಯುವದು. ಯಾವಾಗಲೂ 68 ಇದ್ದವನಿಗೆ ನಾಲ್ಕು ದಿನ ಬಿಡದೆ 90 ಬಂದರೆ, ಅದು 100ರೊಳಗೇ ಇದ್ದರೂ ವಿಚಾರಿಸಬೇಕಾದ ಮಾತು. ಯಾವಾಗಲೂ 88 ಇದ್ದವನಿಗೆ 90 ಬಂದರೆ ಏನೂ ಅಲ್ಲ. ಡಾಕ್ಟರರ ಮುಂದೆ ಈ ಹಾಳೆಯನ್ನು ಇಟ್ಟರೆ, “ಎದೀ ಒಂಥರಾ ಆಗತದ್ರೀ” ಎಂದು ಹೇಳುವದಕ್ಕಿಂತ ಹತ್ತು ಪಾಲು ಕೆಲಸವಾಗುವದು.

ಇನ್ನು ನಮ್ಮ ದುಡಿಮೆಯ ಮಾತಿಗೆ ಬರುತ್ತೇನೆ. ಕುರಕುಂಭದ ಈ ಕೈಗಾರಿಕಾ ಪ್ರದೇಶದಲ್ಲಿ ಹೆಚ್ಚಿನವು ರಸಾಯನದ ಕಾರಖಾನೆಗಳು. ಎಪ್ರಿಲ್-ಮೇ ತಿಂಗಳ ಬಿಸಿಲು, ಬಾಯ್ಲರಿನ ಝಳ, ಮೇಲೆ ಮೈಮುಚ್ಚುವ ಅಂಗಿ, ಕೈಗೆ ರಬ್ಬರಿನ ಚೀಲ, ಮೋರೆಗೆ ಮುಸುಕು. ಇಂಥಲ್ಲಿ ಹೃದಯಕ್ಕೆ ಎರಡು ದುಡಿತ: ಮಾಂಸಖಂಡಗಳಿಗೂ ರಕ್ತ ಕೊಡಬೇಕು, ಮೈಯ ಕಾವನ್ನು ಹೊರಹಾಕಲು ಚರ್ಮಕ್ಕೂ ರಕ್ತ ಕೊಡಬೇಕು. ಅದೇ ಮೂಟೆ, ಅದೇ ದೂರ. ಆದರೂ ಮಾಗಿಯಲ್ಲಿ ನಾಡಿ 100 ಆದರೆ ಬೇಸಿಗೆಯಲ್ಲಿ 125 ಆಗಬಹುದು.

ಅತಿ ಹೆಚ್ಚೆಂದರೆ ಎಷ್ಟು ಬಡಿಯಬಹುದು ಎಂಬುದಕ್ಕೆ 220ರಿಂದ ವಯಸ್ಸನ್ನು ಕಳೆಯುವ ಒಂದು ಲೆಕ್ಕವಿದೆ. 30 ವರ್ಷದವನಿಗೆ 190, 50 ವರ್ಷದವನಿಗೆ 170. ಇದು ಸರಾಸರಿಯ ಅಂದಾಜು. ಒಬ್ಬೊಬ್ಬರಲ್ಲಿ ಹತ್ತು-ಹನ್ನೆರಡು ಹೆಚ್ಚುಕಡಿಮೆ ಇರುವದು. ಇದು ಸ್ವಲ್ಪ ಹೊತ್ತಿನ ಓಟಕ್ಕೆ ಹೇಳಿದ ತುದಿಯ ಅಂಕಿ. ಎಂಟು ತಾಸಿನ ಪಾಳಿಗೆ ಹೇಳಿದ್ದಲ್ಲ ಎಂಬುದನ್ನು ಮರೆಯಬಾರದು. ಪಾಳಿಗೆ ಬೇಕಾದ ಲೆಕ್ಕವನ್ನು ಅಮೇರಿಕೆಯ ಸರಕಾರದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ತನ್ನ ಕೈಪಿಡಿಯಲ್ಲಿ ಸರಳವಾಗಿ ಕೊಟ್ಟಿದೆ. ಉಷ್ಣದ ಕೆಲಸದಿಂದ ವಿಶ್ರಾಂತಿಗೆ ಕುಳಿತ ಕೂಡಲೆ 30 ಸೆಕೆಂಡು ನಾಡಿ ಎಣಿಸಿ ಇಮ್ಮಡಿಸಿರಿ. ಅದು 110ಕ್ಕಿಂತ ಹೆಚ್ಚಾಗಿದ್ದರೆ, ವಿಶ್ರಾಂತಿಯ ಹೊತ್ತನ್ನು ಹಾಗೆಯೇ ಇಟ್ಟುಕೊಂಡು, ಮುಂದಿನ ಸರದಿಯ ಕೆಲಸವನ್ನು ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಬೇಕು. ಮುಂದಿನ ವಿಶ್ರಾಂತಿಯಲ್ಲಿಯೂ 110 ದಾಟಿದರೆ ಮತ್ತೆ ಮೂರರಲ್ಲಿ ಒಂದು ಪಾಲು ಕಡಿಮೆ. 60 ಮಿನಿಟಿನ ಸರದಿ 40 ಆಗುವದು, ಆಮೇಲೆ ಸುಮಾರು 27 ಆಗುವದು. ಇದಕ್ಕೆ ಯಂತ್ರವೂ ಬೇಡ. ಮೂರು ಬೆರಳು, ಒಂದು ಗಡಿಯಾರ ಸಾಕು.

ಅದೇ ಸಂಸ್ಥೆಯ ಇನ್ನೊಂದು ಮಾತು ನಮ್ಮಂಥ ವಲಸೆಗಾರರಿಗೆಂದೇ ಬರೆದಂತಿದೆ. ಉಷ್ಣದ ಕೆಲಸಕ್ಕೆ ಹೊಸದಾಗಿ ಸೇರಿದವನಿಗೆ ಮೊದಲ ದಿನ ಐದರಲ್ಲಿ ಒಂದು ಪಾಲು ಹೊತ್ತು ಮಾತ್ರ ಆ ಉಷ್ಣದಲ್ಲಿ ಕೆಲಸ ಕೊಟ್ಟು, ದಿನಕ್ಕೆ ಒಂದೊಂದು ಪಾಲು ಏರಿಸಬೇಕು. ಹಳಬನೇ ಕೆಲ ಕಾಲ ಬಿಟ್ಟು ಬಂದಿದ್ದರೆ ಮೊದಲ ದಿನ ಶೇಕಡಾ 50, ಎರಡನೆಯ ದಿನ 60, ಮೂರನೆಯ ದಿನ 80, ನಾಲ್ಕನೆಯ ದಿನ ಪೂರ್ತಿ. ನಮ್ಮಲ್ಲಿ ಏನು ನಡೆಯುತ್ತದೆ? ಯುಗಾದಿಗೋ ಜಾತ್ರೆಗೋ ಊರಿಗೆ ಹೋಗಿ ಹದಿನೈದು ದಿನ ಇದ್ದು, ರಾತ್ರಿಯ ರೈಲಿನಲ್ಲಿ ನಿಂತುಕೊಂಡೇ ಬಂದು, ದೌಂಡ ಜಂಕ್ಷನ್ನಿನಲ್ಲಿ ಇಳಿದು, ಮುಖ ತೊಳೆದು ಮೊದಲ ಪಾಳಿಗೆ ಹಾಜರಾಗುತ್ತೇವೆ. ಹೋದ ದಿನಗಳ ಕೂಲಿಯನ್ನು ತುಂಬಿಕೊಳ್ಳಲು ಅಂದೇ ಓವರ್‌ಟೈಮೂ ಮಾಡುತ್ತೇವೆ. ಕಾವಿಗೆ ಮೈ ಹೊಂದುವ ಮೊದಲೇ ಹೀಗೆ ಮಾಡುವದು ಜೀವದ ಮೇಲಿನ ಸಾಲ.

“ಇದನ್ನು ಠೇಕೇದಾರ ಕೇಳಬೇಕಲ್ಲ?” ಎಂದು ನೀವು ಹೇಳುವಿರಿ. ಸರಿಯಾದ ಮಾತು. ನಾಡಿ ಹೆಚ್ಚಾಯಿತೆಂದು ಒಬ್ಬನೇ ಕುಳಿತರೆ ಮೈಗಳ್ಳನೆಂಬ ಹೆಸರು ಬರುತ್ತದೆ, ದಿನದ ಕೂಲಿಯೂ ಹೋಗಬಹುದು. ಆದರೆ ಒಂದು ಗ್ಯಾಂಗಿನ ಹತ್ತು ಜನ ಒಂದು ವಾರ ವಿಶ್ರಾಂತಿಯ ಹೊತ್ತಿನಲ್ಲಿ ನಾಡಿ ಎಣಿಸಿ ಬರೆದಿಟ್ಟು, ಹತ್ತರಲ್ಲಿ ಏಳು ಜನರದು 110 ದಾಟುತ್ತಿದೆಯೆಂದು ಮುಕಾದಮರಿಗೂ ಸುರಕ್ಷಾ ಅಧಿಕಾರಿಗಳಿಗೂ ಹಾಳೆ ತೋರಿಸಿದರೆ, ಅದು ದೂರಲ್ಲ, ದಾಖಲೆ. ದಾಖಲೆಗೆ ಉತ್ತರ ಕೊಡಬೇಕಾಗುತ್ತದೆ. ಅರ್ಜಿ ಬರೆಯಲು ಬರದವರಿಗೆ ಇಲ್ಲಿ ಬರೆದುಕೊಡುವ ಕೈಗಳಿವೆ. ಇದರ ನಡುವೆ 15-20 ಮಿನಿಟಿಗೊಮ್ಮೆ ಒಂದು ಲೋಟ ನೀರು ಕುಡಿಯುವದನ್ನು ಯಾರೂ ತಡೆಯಲಾರರು. ಜೊತೆಗಾರನು ಉಷ್ಣದಲ್ಲಿ ತಡವರಿಸಿ ಮಾತಾಡಿದರೆ, ದಾರಿ ತಪ್ಪಿದವನಂತೆ ನಡೆದರೆ, ಮೈ ಕೆಂಡದಂತಿದ್ದರೆ ನಾಡಿ ನೋಡುತ್ತ ನಿಲ್ಲಬೇಡಿರಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತ, 108ಕ್ಕೆ ಫೋನು ಮಾಡಿಸಿರಿ.

ಈಗ ಈ ಭಾಷಣದ ಮುಖ್ಯ ಭಾಗಕ್ಕೆ ಬಂದಿದ್ದೇನೆ: ಈ ಅಂಕಿಗಳು ಹೇಳದೆ ಇರುವದೇನು?

2021ರ ಅಕ್ಟೋಬರ 29ರಂದು ಪುನೀತ್ ರಾಜಕುಮಾರ ಅವರು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ದೇಹ ಎಷ್ಟು ಪಳಗಿದ್ದಿತೆಂಬುದನ್ನು ನಾವೆಲ್ಲ ಚಿತ್ರಗಳಲ್ಲಿ ನೋಡಿದವರು. ಆ ಬಳಿಕ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗಾಗಿ ಜನರ ಸಾಲು ಬೆಳೆಯಿತು. 2025ರ ಜೂನ್-ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗಲೂ ಹಾಗೆಯೇ ಆಯಿತು; ಸರಕಾರವು ಜಯದೇವ ಸಂಸ್ಥೆಯ ನಿರ್ದೇಶಕರ ಮುಂದಾಳುತನದಲ್ಲಿ ತಜ್ಞರ ಸಮಿತಿಯನ್ನು ನೇಮಿಸಬೇಕಾಯಿತು. ಇಂಥ ಸುದ್ದಿ ಬಂದಾಗಲೆಲ್ಲ ಗಡಿಯಾರ ಕೊಂಡರೆ ಹೃದಯಕ್ಕೆ ಕಾವಲುಗಾರ ಸಿಕ್ಕನೆಂದು ಎಷ್ಟೋ ಜನ ಭಾವಿಸುತ್ತಾರೆ.

ಇದು ಹಾಗಲ್ಲ. ಹೃದಯಾಘಾತವೆಂದರೆ ಹೃದಯದ ಮಾಂಸಕ್ಕೇ ರಕ್ತ ಕೊಡುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುವದು. ದಾರಿ ಮುಚ್ಚಿದಾಗಲೂ ಹೃದಯ ಮಿನಿಟಿಗೆ 76 ಸಲ ಬಡಿಯುತ್ತಿರಬಹುದು, ಆಮ್ಲಜನಕ 98 ಇರಬಹುದು. ಎರಡು ಅಂಕಿಗಳೂ ಸರಿ. ಆದರೂ ಮನುಷ್ಯನ ಜೀವ ಅಪಾಯದಲ್ಲಿದೆ. ನಾಡಿಯ ಯಂತ್ರ ಬಡಿತವನ್ನು ಎಣಿಸುತ್ತದೆ, ನಾಳದ ದಾರಿಯನ್ನು ನೋಡುವದಿಲ್ಲ. ಇ.ಸಿ.ಜಿ. ತೆಗೆಯುವ ಬೆಲೆಬಾಳುವ ಗಡಿಯಾರಗಳೂ ಒಂದೇ ದಿಕ್ಕಿನಿಂದ ಹೃದಯವನ್ನು ನೋಡುತ್ತವೆ, ದವಾಖಾನೆಯ ಇ.ಸಿ.ಜಿ. ಹನ್ನೆರಡು ದಿಕ್ಕಿನಿಂದ ನೋಡುತ್ತದೆ. ಅದೂ ಮೊದಲ ಸಲ ಸರಿಯಾಗಿ ಕಂಡು, ಆಮೇಲಿನ ಇ.ಸಿ.ಜಿ.ಯಲ್ಲಿಯೋ ರಕ್ತಪರೀಕ್ಷೆಯಲ್ಲಿಯೋ ಆಘಾತ ತಿಳಿದುಬರುವದುಂಟು.

ಆದುದರಿಂದ ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ನೋವು, ಅದು ಎಡಗೈಗೋ, ದವಡೆಗೋ, ಬೆನ್ನಿಗೋ ಹರಿಯುವದು, ಕಾರಣವಿಲ್ಲದೆ ತಣ್ಣನೆಯ ಬೆವರು, ಉಸಿರು ಕಟ್ಟುವದು, ವಾಂತಿ ಬಂದಂತಾಗುವದು, ಕಣ್ಣಿಗೆ ಕತ್ತಲೆ ಬರುವದು. ಇವುಗಳಲ್ಲಿ ಯಾವದಾದರೂ ಕಂಡರೆ ಗಡಿಯಾರವನ್ನು ಕೇಳಬೇಡಿರಿ. ಹೆಂಗಸರಲ್ಲಿಯೂ ಸಕ್ಕರೆರೋಗದವರಲ್ಲಿಯೂ ಎದೆನೋವು ಅಷ್ಟಾಗಿ ಇಲ್ಲದೆ ಬರಿಯ ಸುಸ್ತು, ಉಬ್ಬಸ, ಹೊಟ್ಟೆಯ ತಳಮಳವಾಗಿಯೇ ಇದು ಬರಬಹುದು. “ಪಿತ್ತ ಆಗೇದ, ಸೋಡಾ ಕುಡದ್ರ ಹೋಗತದ” ಎಂದು ಕಳೆಯುವ ಅರ್ಧ ತಾಸು ಹೃದಯದ ಮಾಂಸ ಸಾಯುವ ಅರ್ಧ ತಾಸು. ತಾನಾಗಿ ಮೋಟಾರಸೈಕಲ್ ನಡೆಸಿಕೊಂಡು ಹೋಗಕೂಡದು; 108ಕ್ಕೆ ಫೋನು ಮಾಡಿ, ಇಲ್ಲವೆ ಜೊತೆಗಾರರು ಗಾಡಿ ಮಾಡಿಕೊಂಡು, ಇ.ಸಿ.ಜಿ. ಇರುವ ದವಾಖಾನೆಗೆ ಮುಟ್ಟಿಸಬೇಕು.

ಆಕ್ಸಿಮೀಟರಿಗೂ ಕುರುಡು ಜಾಗಗಳಿವೆ. ಚಳಿಗಾಲದಲ್ಲಿ ಖೋಲಿಯ ಬಾಗಿಲು-ಕಿಟಕಿ ಮುಚ್ಚಿ ಒಳಗೆ ಇದ್ದಿಲಿನ ಶಗಡಿ ಇಟ್ಟು ಮಲಗುವ ರೂಢಿಯುಂಟು. ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಹಿಡಿಯುತ್ತದೆ. ನಮ್ಮ ಆಕ್ಸಿಮೀಟರಿಗೆ ಇವೆರಡರ ವ್ಯತ್ಯಾಸ ತಿಳಿಯುವದಿಲ್ಲ. ಸಾಯುತ್ತಿರುವವನ ಬೆರಳಿನಲ್ಲಿಯೂ ಅದು 98 ತೋರಿಸಬಲ್ಲದು. ಖೋಲಿಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಮೊದಲು ಹೊರಗಿನ ಗಾಳಿಗೆ ಬರಬೇಕು. ಕಾರಖಾನೆಯಲ್ಲಿ ಅನಿಲ ಸೋರಿದಾಗಲೂ ಬೆರಳಿನ ಅಂಕಿಯನ್ನು ನಂಬಿ ಒಳಗೆ ಉಳಿಯಬಾರದು. ಇನ್ನೊಂದು ಸಂಗತಿ: ಕಪ್ಪು ಚರ್ಮದವರಲ್ಲಿ ಆಕ್ಸಿಮೀಟರು ಇದ್ದದ್ದಕ್ಕಿಂತ ಹೆಚ್ಚು ತೋರಿಸಿದ ಸಂದರ್ಭಗಳು ಹೆಚ್ಚೆಂದು 2020ರ ಡಿಸೆಂಬರದಲ್ಲಿ ಅಮೇರಿಕೆಯ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದರು. ಬಿಸಿಲಲ್ಲಿ ದುಡಿದು ಕಪ್ಪಾದ ನಮ್ಮ ಕೈಗಳಿಗೂ ಈ ಎಚ್ಚರಿಕೆ ಸಲ್ಲುತ್ತದೆ. ಅಂಕಿ 95 ಇದ್ದು ಉಸಿರು ಏದುತ್ತಿದ್ದರೆ ಉಸಿರನ್ನೇ ನಂಬಿರಿ.

ಸೂಜಿ ಚುಚ್ಚದೆ ರಕ್ತದ ಸಕ್ಕರೆಯನ್ನು ತೋರಿಸುತ್ತೇವೆಂದು ಕೆಲವು ಗಡಿಯಾರಗಳ ಮೇಲೆ ಬರೆದಿರುತ್ತದೆ. ಇಂಥ ಯಾವ ಗಡಿಯಾರಕ್ಕೂ ಉಂಗುರಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೇರಿಕೆಯ ಔಷಧ ನಿಯಂತ್ರಣ ಇಲಾಖೆ 2024ರ ಫೆಬ್ರುವರಿಯಲ್ಲಿ ಎಚ್ಚರಿಸಿತು. ಅದನ್ನು ನಂಬಿ ಇನ್ಸುಲಿನ್ ಹೆಚ್ಚುಕಡಿಮೆ ಮಾಡಿದರೆ ಪ್ರಾಣಕ್ಕೆ ಬರುವದು.

ನಮ್ಮವರಲ್ಲಿ ಯಾರನ್ನಾದರೂ ಪುಣೆಯಲ್ಲಿಯೋ ಸೋಲಾಪುರದಲ್ಲಿಯೋ ದವಾಖಾನೆಗೆ ಸೇರಿಸಿದಾಗ ಹಾಸಿಗೆಯ ಬಳಿ ದೊಡ್ಡ ಯಂತ್ರ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಹಸಿರು ಗೆರೆ ಹೃದಯದ ವಿದ್ಯುತ್ತಿನದು, ಅದರ ಪಕ್ಕದ ಅಂಕಿ ಬಡಿತ. ಬೇರೆ ಬಣ್ಣದ ಗೆರೆಗಳು ಆಮ್ಲಜನಕ, ಉಸಿರು. ಎರಡಾಗಿ ಬರೆದ ಅಂಕಿ ರಕ್ತದೊತ್ತಡ. ಕಂಪನಿಯಿಂದ ಕಂಪನಿಗೆ ಬಣ್ಣ ಬೇರೆಯಾಗಬಹುದು. ರೋಗಿ ಮಗ್ಗಲು ಬದಲಿಸಿದಾಗ ಎದೆಗೆ ಅಂಟಿಸಿದ ಬಿಲ್ಲೆ ಕಳಚಿದರೆ ಗೆರೆ ಚಪ್ಪಟೆಯಾಗಿ ಗಂಟೆ ಬಾರಿಸುವದು. ಅದನ್ನು ಕಂಡು ಗೋಳಿಡುವ ಮೊದಲು ರೋಗಿಯ ಮೋರೆ ನೋಡಿರಿ, ಮಾತಾಡಿಸಿರಿ, ಸಿಸ್ಟರನ್ನು ಕರೆಯಿರಿ. ಆದರೆ ಗಂಟೆಯ ಸದ್ದು ಬೇಸರವೆಂದು ಅದನ್ನು ನೀವೇ ನಿಲ್ಲಿಸಬೇಡಿರಿ.

ಯಾವಾಗ ಡಾಕ್ಟರರ ಬಳಿ ಹೋಗಬೇಕೆಂಬುದನ್ನು ಒಟ್ಟುಗೂಡಿಸಿ ಹೇಳುತ್ತೇನೆ. ಜ್ವರವಿಲ್ಲದೆ, ಸುಮ್ಮನೆ ಕುಳಿತಾಗ, ಬೇರೆಬೇರೆ ಹೊತ್ತಿನಲ್ಲಿ ಬೆರಳಿನಿಂದ ಎಣಿಸಿದರೂ 100 ದಾಟುತ್ತಿದ್ದರೆ ತೋರಿಸಿರಿ. 50ಕ್ಕಿಂತ ಕಡಿಮೆಯಿದ್ದು ತಲೆ ತಿರುಗುತ್ತಿದ್ದರೆ, ಕಣ್ಣು ಕತ್ತಲೆಯಾಗುತ್ತಿದ್ದರೆ ಅಂದೇ ತೋರಿಸಿರಿ. ಬಡಿತ ತಾಳ ತಪ್ಪಿದ ಹಲಗೆಯಂತೆ ಬಂದರೆ ಅಂಕಿ 80 ಇದ್ದರೂ ತೋರಿಸಿರಿ. ಅಂಥ ಒಂದು ಬಗೆಯ ಬಡಿತದಿಂದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ, ಮೆದುಳಿಗೆ ಹೋಗಿ ಲಕ್ವಾ ಹೊಡೆಯುವ ಭಯವಿದೆ. ಆಮ್ಲಜನಕ 94ಕ್ಕಿಂತ ಕೆಳಗೆ ನಿಂತರೆ ತಡಮಾಡಬೇಡಿರಿ. 90ಕ್ಕಿಂತ ಕೆಳಗಾದರೆ ಅದೇ ಗಳಿಗೆಯಲ್ಲಿ ಹೊರಡಿರಿ. ಇ.ಎಸ್.ಐ. ಚೀಟಿ ಇದ್ದವರು ಅದರ ಸಂಖ್ಯೆಯನ್ನು ಖೋಲಿಯ ಜೊತೆಗಾರರಿಗೂ ತಿಳಿಸಿಟ್ಟಿರಿ.

ಕೊನೆಗೆ ಊರಿನ ಮಾತು. ಅಪ್ಪ-ಅವ್ವ ಆಳಂದದ ಕಡೆಗೋ ಇಂಡಿಯ ಕಡೆಗೋ ಇರುತ್ತಾರೆ, ನಾವು ಇಲ್ಲಿ. ರಾತ್ರಿ ಫೋನಿನಲ್ಲಿ “ಅಪ್ಪಾ, ಮಿಶಿನ್ ಎಷ್ಟು ತೋರಸ್ತದ?” ಎಂದು ಕೇಳಿ, ಅವರು “ತೊಂಬತ್ತೆಂಟು” ಎಂದರೆ ಸಮಾಧಾನದಿಂದ ಮಲಗುತ್ತೇವೆ. ಅದರ ಜೊತೆಗೆ ಇನ್ನಷ್ಟು ಕೇಳಿರಿ. ಬಾವಿಯ ತನಕ ನಡೆದು ಬಂದರೆ ದಮ್ಮು ಹತ್ತುತ್ತದೆಯೆ? ರಾತ್ರಿ ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುತ್ತಾರೆಯೆ? ಕಾಲು ಬಾತಿವೆಯೆ? ಎದೆ ಹಿಡಿಯುತ್ತದೆಯೆ? ಗುಳಿಗೆ ತಪ್ಪದೆ ನುಂಗುತ್ತಾರೆಯೆ, ಅಥವಾ ಮುಗಿದ ಮೇಲೆ ಮಗನಿಗೆ ಖರ್ಚಾಗುವದೆಂದು ತರಿಸದೆ ಕುಳಿತಿದ್ದಾರೆಯೆ? ಈ ಕೊನೆಯ ಪ್ರಶ್ನೆಗೆ ಯಾವ ಯಂತ್ರವೂ ಉತ್ತರ ಕೊಡುವದಿಲ್ಲ. ಬಿಡದೆ ಕೇಳಿದರೆ ಅಪ್ಪನೇ ಕೊಡಬೇಕು. ಕಲಬುರ್ಗಿ ಕಡೆಯವರಿಗೆ ಇನ್ನೊಂದು ಮಾತು: ಜಯದೇವ ಸಂಸ್ಥೆಯ ಶಾಖೆ ಕಲಬುರ್ಗಿಯಲ್ಲಿಯೂ ಇದೆ, ತಪಾಸಣೆಗಾಗಿ ಬೆಂಗಳೂರಿನ ವರೆಗೆ ಸಾಲ ಮಾಡಿ ಹೋಗಬೇಕಾಗಿಲ್ಲ.

ಇಂದು ಸಭೆಯ ಬಳಿಕ, ಗೋಡೆಯ ಗಡಿಯಾರದ ಕೆಳಗೆ ನಾನು ಅರ್ಧ ತಾಸು ಇರುತ್ತೇನೆ. ಇಷ್ಟವಿದ್ದವರು ಬಂದು ಬೆರಳಿನಿಂದ ನಾಡಿ ಎಣಿಸುವದನ್ನು ಕಲಿಯಬಹುದು. ಗಡಿಯಾರ ಇದ್ದವರು ಅದರ ಅಂಕಿಯನ್ನು ತಾಳೆ ನೋಡಿಕೊಳ್ಳಬಹುದು. ನಾಲ್ಕು ಕಾಲಮಿನ ಹಾಳೆಗಳನ್ನು ಗೆರೆ ಹಾಕಿ ಇಟ್ಟಿದ್ದೇನೆ, ಬೇಕಾದವರು ಒಯ್ಯಿರಿ.